ತೊಡೆಯ ಬಲಕ್ಕೆ ಕರೆಂಟ್ ಚಿಕಿತ್ಸೆ: ಯಾರಿಗೆ ಒದಗೀತು, ಯಾರಿಗೆ ಒದಗದು



ಅಡಿಕೆ ಕೊಯ್ಲಿಗೆ ಆಳಿಲ್ಲ, ಕಾಫಿ ಹಣ್ಣು ಬಿಡಿಸಲು ಜನವಿಲ್ಲ ಎಂಬ ಮಾತು ಬೆಳೆಗಾರರು ನಾಲ್ವರು ಸೇರಿದ ಕಡೆಯಲ್ಲೆಲ್ಲ ಕೇಳಿಬರುತ್ತದೆ. ಆದರೆ ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರನಿಗೆ ಮೊದಲ ಆಳು ತನ್ನ ಕಾಲುಗಳೇ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳಲ್ಲಿ ಕೊಡಗಿನ ಗಡಿಗೆ ತಾಗಿದ ಇಳಿಜಾರಿನಲ್ಲಿ ಕಾಫಿ ನೋಡಿಕೊಳ್ಳುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಗದ್ದೆಯನ್ನು ಅಡಿಕೆ ತೋಟ ಮಾಡಿಕೊಂಡವರು ದಿನಕ್ಕೆ ಎಷ್ಟು ಸಲ ಬಸಿಗಾಲುವೆ ದಾಟುತ್ತಾರೋ ಎಣಿಸಿದವರಿಲ್ಲ. ಹೆಗ್ಗಡದೇವನಕೋಟೆ ಕಡೆ ಶುಂಠಿಯ ಕಳೆ ಕೀಳುವುದಿರಲಿ, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವುದಿರಲಿ, ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತೇ ಆಗಬೇಕು. ಇಷ್ಟಕ್ಕೂ ಆಧಾರ ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಅದು ಸೋತರೆ ತೋಟ ಚೇಣಿಗೆ ಹೋಗುತ್ತದೆ. ಬೆಲೆ ಚೆನ್ನಾಗಿರುವ ವರ್ಷದಲ್ಲೂ ಫಸಲಿನ ಲಾಭ ಬೇರೆಯವರ ಪಾಲಾಗುತ್ತದೆ.

ಕಾಲಿನ ಈ ಸೋಲಿಗೆ ಕರೆಂಟಿನಿಂದ ಪರಿಹಾರವುಂಟು ಎಂಬ ಪ್ರಚಾರ ಈಚಿನ ವರ್ಷಗಳಲ್ಲಿ ಜೋರಾಗಿದೆ. ಸಮುದಾಯ ಭವನ, ಕಲ್ಯಾಣ ಮಂಟಪಗಳಲ್ಲಿ ಉಚಿತ ಪಾದ ಚಿಕಿತ್ಸಾ ಶಿಬಿರಗಳು ನಡೆಯುತ್ತವೆ. ತಟ್ಟೆಯಂಥ ಯಂತ್ರದ ಮೇಲೆ ಅಂಗಾಲಿಟ್ಟು ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ದಿನ ಕೂರಿಸುತ್ತಾರೆ. ಕೊನೆಯ ದಿನಗಳಲ್ಲಿ ಯಂತ್ರದ ಬೆಲೆ ಹೇಳುತ್ತಾರೆ. ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಿದ ನರ ಎಲ್ಲಕ್ಕೂ ಅದೊಂದೇ ಮದ್ದು. ಇತ್ತ ಮೈಸೂರಿನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಬಂದವರು, "ನಮಗೂ ಆಸ್ಪತ್ರೆಯಲ್ಲಿ ತೊಡೆಗೆ ಕರೆಂಟ್ ಕೊಟ್ಟರು" ಎನ್ನುತ್ತಾರೆ. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಗೊಂದಲ ಸಹಜ. ಇದು ನಿಜವೋ ಬೂಟಾಟಿಕೆಯೋ ಎಂದು ಕೇಳುವ ಸದಸ್ಯರಿಗೆ ಒಂದೇ ಮಾತಿನ ಉತ್ತರ ಕೊಡಲಾಗದು. ಯಾರ ಕಾಲು, ಯಾವ ಸ್ನಾಯು, ಏತಕ್ಕಾಗಿ ಸೋತಿದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಪಂಪ್‌ಸೆಟ್ಟಿನ ಲೆಕ್ಕದಲ್ಲಿ ನೋಡಿ

ತೊಡೆಯ ಸ್ನಾಯುವನ್ನು ಬಾವಿಯ ಮೋಟಾರ್ ಎಂದಿಟ್ಟುಕೊಳ್ಳಿ. ಮೆದುಳು ಸ್ವಿಚ್ಚು. ಬೆನ್ನುಹುರಿಯಲ್ಲಿ ಸ್ಟಾರ್ಟರ್ ಪೆಟ್ಟಿಗೆ. ಅಲ್ಲಿಂದ ತೊಡೆಗೆ ಇಳಿಯುವ ನರವೇ ವೈರು. ನಾವು ಏಳಬೇಕೆಂದು ಮನಸ್ಸು ಮಾಡಿದಾಗ ಸ್ವಿಚ್ಚಿನಿಂದ ಹೊರಟ ಆಜ್ಞೆ ಸ್ಟಾರ್ಟರ್ ದಾಟಿ, ವೈರಿನಲ್ಲಿ ಹರಿದು ಮೋಟಾರನ್ನು ತಿರುಗಿಸುತ್ತದೆ. ನರದಲ್ಲಿ ಹರಿಯುವುದೂ ಒಂದು ಬಗೆಯ ವಿದ್ಯುತ್ತೇ.

ಮಂಡಿಯಲ್ಲಿ ನೀರು ತುಂಬಿ ಊದಿಕೊಂಡಾಗ ಅಥವಾ ಶಸ್ತ್ರಚಿಕಿತ್ಸೆಯಾದಾಗ ಒಂದು ವಿಚಿತ್ರ ನಡೆಯುತ್ತದೆ. ಕೀಲಿನಿಂದ ಬೆನ್ನುಹುರಿಗೆ ಹೋಗುವ ಸುದ್ದಿ ಸ್ಟಾರ್ಟರಿನ ಓವರ್‌ಲೋಡ್ ರಿಲೇಯ ಹಾಗೆ ವರ್ತಿಸಿ ತೊಡೆಗೆ ಹೋಗುವ ಆಜ್ಞೆಯನ್ನು ತಡೆಹಿಡಿಯುತ್ತದೆ. ಮೋಟಾರ್ ಸುಟ್ಟಿಲ್ಲ, ವೈರು ಕಡಿದಿಲ್ಲ, ಸ್ವಿಚ್ಚೂ ಸರಿಯಾಗಿದೆ. ಆದರೆ ರಿಲೇ ಬಿಡುತ್ತಿಲ್ಲ. ಆಪರೇಷನ್ ಆದವರು "ತೊಡೆ ಬಿಗಿ ಮಾಡಿ" ಎಂದರೆ ಎಷ್ಟು ಪ್ರಯತ್ನಪಟ್ಟರೂ ಬಿಗಿಯಾಗದಿರುವುದು ಇದರಿಂದ. ಮನೆಯವರು ಸೋಮಾರಿತನವೆಂದು ಗದರುವುದುಂಟು. ಅದು ಸೋಮಾರಿತನವಲ್ಲ. ಗದರುವುದನ್ನು ದಯಮಾಡಿ ಬಿಡಬೇಕು.

ಇಂಥ ಹೊತ್ತಿನಲ್ಲಿ ತೊಡೆಯ ಮೇಲೆ ಎರಡು ಅಂಟುಪಟ್ಟಿ ಹಚ್ಚಿ ಸಣ್ಣ ವಿದ್ಯುತ್ ಹರಿಸಿದರೆ, ಅದು ಚರ್ಮದ ಕೆಳಗಿರುವ ನರದ ಕವಲುಗಳನ್ನು ನೇರವಾಗಿ ತಟ್ಟುತ್ತದೆ. ಸ್ಟಾರ್ಟರನ್ನು ದಾಟಿ ಮುಂದಿನ ವೈರಿಗೆ ಸಂಪರ್ಕ ಕೊಟ್ಟ ಹಾಗೆ. ಸ್ನಾಯು ಸಂಕುಚಿಸುತ್ತದೆ, ಮಂಡಿಚಿಪ್ಪು ಮೇಲಕ್ಕೆ ಎಳೆಯಲ್ಪಡುತ್ತದೆ. ಕೆಲಸವಿಲ್ಲದೆ ಕರಗುತ್ತಿದ್ದ ಸ್ನಾಯುವಿಗೆ ಕೆಲಸ ಸಿಗುತ್ತದೆ. ಚಿಕಿತ್ಸೆಯ ತಿರುಳು ಇಷ್ಟೇ.

ಕರೆಂಟ್ ಎಂದೊಡನೆ ಹೆದರುವವರಿಗೆ ಕಾಡಂಚಿನ ಸೋಲಾರ್ ಬೇಲಿಯನ್ನು ನೆನಪಿಸಬಹುದು. ಆನೆಗೆ ಹೊಡೆದರೂ ಸಾಯಿಸದಿರುವುದು ಏಕೆಂದರೆ ಬೇಲಿಯಲ್ಲಿ ವಿದ್ಯುತ್ ಸತತವಾಗಿ ಹರಿಯುವುದಿಲ್ಲ. ಸೆಕೆಂಡಿಗೊಂದರಂತೆ ಅತಿ ಕಿರಿದಾದ ಮಿಡಿತಗಳಲ್ಲಿ ಬರುತ್ತದೆ. ಸ್ನಾಯು ಯಂತ್ರದ್ದೂ ಮಿಡಿತವೇ, ಆದರೆ ಬೇಲಿಗಿಂತ ಎಷ್ಟೋ ಪಾಲು ಸೌಮ್ಯ. ಒಂದು ಸೆಕೆಂಡನ್ನು ಮೂರು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಉದ್ದದ ಮಿಡಿತ, ಸೆಕೆಂಡಿಗೆ 35ರಿಂದ 50. ಮನೆಗೆ ಕೊಡುವ ಯಂತ್ರಗಳು ಬಹುತೇಕ ಬ್ಯಾಟರಿಯಿಂದ ನಡೆಯುವಂಥವು. ಮನೆಯ ಲೈನಿನಿಂದ ನೇರ ತಂತಿ ಎಳೆದು ಯಾರಾದರೂ "ಇದೂ ಅದೇ" ಎಂದರೆ ನಂಬಕೂಡದು. ಅಂಥ ತಂತಿಯನ್ನು ಬೇಲಿಗೆ ಕಟ್ಟಿದ ಕಡೆ ಆನೆಗಳೂ ಮನುಷ್ಯರೂ ಸತ್ತಿರುವುದನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರದ ಒಂದು ದೌರ್ಬಲ್ಯವನ್ನೂ ತಿಳಿದಿರಬೇಕು. ಮೆದುಳು ಒಳ್ಳೆಯ ಮೇಸ್ತ್ರಿ. ಹಗುರ ಕೆಲಸಕ್ಕೆ ಸಣ್ಣ ಎಳೆಗಳನ್ನು ಕರೆಯುತ್ತದೆ, ಭಾರ ಬಂದಾಗ ಮಾತ್ರ ದೊಡ್ಡವನ್ನು ಕರೆಯುತ್ತದೆ, ಒಂದು ತಂಡ ದಣಿದರೆ ಇನ್ನೊಂದನ್ನು ಇಳಿಸುತ್ತದೆ. ಯಂತ್ರಕ್ಕೆ ಈ ವಿವೇಚನೆ ಇಲ್ಲ. ಪಟ್ಟಿಯ ಕೆಳಗೆ ಸಿಕ್ಕಿದ ಅದೇ ಎಳೆಗಳನ್ನು ಪ್ರತಿ ಸಲವೂ ಒಟ್ಟಿಗೆ ದುಡಿಸುತ್ತದೆ. ಆದ್ದರಿಂದ ಸ್ನಾಯು ಬೇಗ ದಣಿಯುತ್ತದೆ. ಪ್ರತಿ ಸಂಕೋಚನದ ನಂತರ ದೀರ್ಘ ವಿರಾಮ ಬೇಕಾಗುತ್ತದೆ. ಗಟ್ಟಿಮುಟ್ಟಾದ ಮನುಷ್ಯನಿಗೆ ಯಂತ್ರಕ್ಕಿಂತ ಸ್ವಂತ ವ್ಯಾಯಾಮವೇ ಮೇಲೆಂಬುದಕ್ಕೂ ಇದೇ ಕಾರಣ.

ಹಳೆಯ ವಿದ್ಯೆ, ಹೊಸ ಪೆಟ್ಟಿಗೆ

ಇದನ್ನು ನಿನ್ನೆ ಮೊನ್ನೆಯ ಸಂಶೋಧನೆ ಎಂದು ಮಾರುವುದನ್ನು ಕಂಡರೆ ನಗು ಬರುತ್ತದೆ. ಇಟಲಿಯ ಬೊಲೋನ್ಯಾದ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಕಂಡು 1791ರಲ್ಲಿ ಪ್ರಕಟಿಸಿದ. ಫ್ರಾನ್ಸಿನ ವೈದ್ಯ ಡ್ಯುಶೆನ್ ಚರ್ಮದ ಮೇಲಿನಿಂದಲೇ ಒಂದೊಂದು ಸ್ನಾಯುವನ್ನು ಬೇರೆಬೇರೆಯಾಗಿ ಕುಣಿಸುವ ಕ್ರಮವನ್ನು 1855ರ ತನ್ನ ಗ್ರಂಥದಲ್ಲಿ ವಿವರಿಸಿದ. ಆಗಿನ್ನೂ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಲು 47 ವರ್ಷ ಬಾಕಿ ಇತ್ತು. 1961ರಲ್ಲಿ ಅಮೆರಿಕದ ಲಿಬರ್ಸನ್ ಮತ್ತು ಜೊತೆಗಾರರು ಪಾರ್ಶ್ವವಾಯುವಿನಿಂದ ಪಾದ ಜೋತುಬಿದ್ದವರ ಪಾದರಕ್ಷೆಯ ಹಿಮ್ಮಡಿಯಲ್ಲಿ ಸ್ವಿಚ್ ಇಟ್ಟರು. ಹಿಮ್ಮಡಿ ನೆಲ ಬಿಟ್ಟೊಡನೆ ಮಂಡಿಯ ಪಕ್ಕದ ನರಕ್ಕೆ ಮಿಡಿತ ಹೋಗಿ ಪಾದದ ಮುಂಭಾಗ ಮೇಲೇಳುವಂತೆ ಮಾಡಿದರು. 1970ರ ದಶಕದಲ್ಲಿ ಸೋವಿಯತ್ ದೇಶದ ಕೋಟ್ಸ್ ಎಂಬವರು ಕ್ರೀಡಾಪಟುಗಳ ಬಲ ಇದರಿಂದ ಬಹಳ ಹೆಚ್ಚಿತೆಂದು ಹೇಳಿದರು. ಬೇರೆ ದೇಶಗಳಲ್ಲಿ ಅಷ್ಟು ಫಲ ಕಾಣಲಿಲ್ಲ. ಕುಳಿತಲ್ಲೇ ಹೊಟ್ಟೆ ಕರಗಿಸುತ್ತದೆಂದು ಕರೆಂಟಿನ ಬೆಲ್ಟ್ ಮಾರುತ್ತಿದ್ದ ಕಂಪನಿಗಳ ಮೇಲೆ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ 2002ರಲ್ಲಿ ಮೊಕದ್ದಮೆ ಹೂಡಿತು. ಒಳ್ಳೆಯ ವಿದ್ಯೆಯ ಬೆನ್ನಿಗೇ ಅದರ ಹೆಸರಿನ ಮೋಸವೂ ನಡೆದು ಬಂದಿದೆ.

ಯಾರಿಗೆ ಒದಗುತ್ತದೆ

ಮೊದಲು ಹೇಳಬೇಕಾದವರು ಮಂಡಿ ಬದಲಿಸಿಕೊಂಡವರು. ಆಪರೇಷನ್ ಆದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೋವು ಹೋಯಿತು, ಮಂಡಿ ಹೊಸದಾಯಿತು, ಆದರೂ ಮೆಟ್ಟಿಲಿಳಿಯಲು ಭಯ ಎನ್ನುವವರು ನಮ್ಮಲ್ಲಿ ಹಲವರಿದ್ದಾರೆ. ಹೊಸ ಕೀಲಿಗೆ ಹಳೆಯ ಬಲ ಬರಲಿಲ್ಲ ಎಂಬುದೇ ಅದರ ಅರ್ಥ. ಅಮೆರಿಕದ ಕೊಲರಾಡೊದಲ್ಲಿ 66 ಮಂದಿಯ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆಪರೇಷನ್ ಆದ ಎರಡನೆಯ ದಿನದಿಂದಲೇ ಒಂದು ಗುಂಪಿಗೆ ದಿನಕ್ಕೆರಡು ಬಾರಿ 15 ಸಂಕೋಚನಗಳಂತೆ ಆರು ವಾರ ಕರೆಂಟ್ ಕೊಟ್ಟರು. ಮಾಮೂಲು ವ್ಯಾಯಾಮ ಎರಡೂ ಗುಂಪಿಗೆ ಇತ್ತು. ಕರೆಂಟ್ ಪಡೆದವರ ತೊಡೆಯ ಬಲ, ನಡಿಗೆ, ಮೆಟ್ಟಿಲು ಹತ್ತುವಿಕೆ ಎಲ್ಲವೂ ಬೇಗ ಚೇತರಿಸಿತು. ಒಂದು ವರ್ಷದ ನಂತರವೂ ಸ್ವಲ್ಪ ಮೇಲುಗೈ ಉಳಿದಿತ್ತು.

ಆದರೆ ಇದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಬೇಕು. ಅಮೆರಿಕದ್ದೇ ಮತ್ತೊಂದು ಪರೀಕ್ಷೆ 200 ಮಂದಿಯದು, 2009ರಲ್ಲಿ ಪ್ರಕಟವಾದದ್ದು. ಅಲ್ಲಿ ಕರೆಂಟ್ ಶುರುವಾದದ್ದು ಆಪರೇಷನ್ ಆಗಿ ಕೆಲವು ವಾರಗಳ ಮೇಲೆ. ಎಲ್ಲರಿಗೂ ಹಂತಹಂತವಾಗಿ ಭಾರ ಏರಿಸುವ ಕಟ್ಟುನಿಟ್ಟಿನ ವ್ಯಾಯಾಮ ಮಾಡಿಸಿದ್ದರು. ಕರೆಂಟ್ ಪಡೆದವರಿಗೂ ಪಡೆಯದವರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದು ಇಷ್ಟು: ರಿಲೇ ಬಿದ್ದಿರುವ ಮೊದಲ ವಾರಗಳಲ್ಲಿ ಯಂತ್ರಕ್ಕೆ ಬೆಲೆ, ಸ್ವಂತ ಬಲದಿಂದ ತೊಡೆ ಬಿಗಿಯಲು ಬಂದ ಮೇಲೆ ಬೆವರು ಸುರಿಸುವ ವ್ಯಾಯಾಮಕ್ಕೇ ಬೆಲೆ. ಬೀಜ ಮೊಳೆಯುವಾಗ ಬೇಕಾದ ನೀರನ್ನು ಫಸಲು ಬಲಿತ ಮೇಲೆ ಕೊಟ್ಟರೆ ಏನು ಫಲ? ಹೀಗಾಗಿ ಮಂಡಿ ಆಪರೇಷನ್ನಿಗೆ ದಿನ ಗೊತ್ತಾದವರು ಆಪರೇಷನ್ನಿಗೆ ಮುಂಚೆಯೇ ವೈದ್ಯರಲ್ಲಿ ಈ ಮಾತು ಎತ್ತುವುದು ಒಳ್ಳೆಯದು. ಮನೆಗೆ ಬಂದು ಮೂರು ತಿಂಗಳ ಮೇಲೆ ಕೇಳಿದರೆ ಹೊತ್ತು ಮೀರಿರುತ್ತದೆ.

ಲೋಹದ ಕೀಲು ಇರುವಾಗ ಕರೆಂಟ್ ಕೊಡಬಹುದೇ ಎಂಬ ಸಂಶಯ ಬಹಳ ಜನರಿಗೆ. ಮೇಲೆ ಹೇಳಿದ ಎರಡು ದಿಕ್ಕಿನ ಕಿರು ಮಿಡಿತದ ಯಂತ್ರಕ್ಕೆ ಲೋಹದ ಮಂಡಿ ಅಡ್ಡಿಯಲ್ಲ. ಪರೀಕ್ಷೆಗಳು ನಡೆದದ್ದೇ ಅಂಥವರ ಮೇಲೆ. ಒಳಗೆ ಶಾಖ ಹುಟ್ಟಿಸುವ ಡಯಾಥರ್ಮಿ ಎಂಬುದು ಬೇರೆ ಯಂತ್ರ. ಅದನ್ನು ಲೋಹವಿರುವ ಕಡೆ ಕೊಡುವಂತಿಲ್ಲ.

ಎರಡನೆಯವರು ಹಾಸಿಗೆ ಹಿಡಿದೆದ್ದವರು, ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು. ಸರಾಸರಿ 67 ವಯಸ್ಸಿನ 12 ಮಂದಿ ಆರೋಗ್ಯವಂತರನ್ನು ಹತ್ತೇ ದಿನ ಮಲಗಿಸಿ ಅಮೆರಿಕದಲ್ಲಿ ಪರೀಕ್ಷಿಸಿದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು ಎಂದು 2007ರಲ್ಲಿ ವರದಿಯಾಯಿತು. ಆರೋಗ್ಯವಂತರ ಗತಿ ಇದಾದರೆ, ಅಡಿಕೆ ಮರದಿಂದ ಬಿದ್ದು ಎರಡು ತಿಂಗಳು ಮಲಗಿದವನ ಗತಿ ಏನಾಗಬೇಡ? ಇಂಥವರಲ್ಲಿ ವೈದ್ಯರ ಒಪ್ಪಿಗೆ ಪಡೆದು ಯಂತ್ರ ಬಳಸಿದರೆ ಕರಗುವಿಕೆಯನ್ನು ಒಂದಿಷ್ಟು ತಡೆಯಬಹುದು.

ಮೂರನೆಯವರನ್ನು ನಾವು ನೆನೆಯುವುದೇ ಇಲ್ಲ. ಅವರು ಉಬ್ಬಸದವರು. ಬೀಡಿ ಸಿಗರೇಟು ಸೇದಿದವರು, ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಬೆಂದ ಹೆಂಗಸರು ಇವರಲ್ಲಿ ಹೆಚ್ಚು. ಇವರಿಗೆ ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಅದಕ್ಕೆ ಹೆದರಿ ಕೂತಲ್ಲೇ ಕೂರುತ್ತಾರೆ. ಕೂತಷ್ಟೂ ಕಾಲು ಸೋಲುತ್ತದೆ. ಕಾಲು ಸೋತಷ್ಟೂ ಏದುಸಿರು ಹೆಚ್ಚುತ್ತದೆ. ವ್ಯಾಯಾಮ ಮಾಡಿ ಎಂದರೆ ಮಾಡಲಾಗದು. ಲಂಡನ್ನಿನಲ್ಲಿ ತೀವ್ರ ಶ್ವಾಸಕೋಶದ ಕಾಯಿಲೆಯ 52 ಮಂದಿಗೆ ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ, ಆರು ವಾರ ತೊಡೆಗೆ ಯಂತ್ರ ಹಚ್ಚಿ ನೋಡಿದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಕೊಟ್ಟದ್ದು ಬರಿಯ ಹೆಸರಿಗೆ ಜುಮ್ಮೆನ್ನುವ ಯಂತ್ರ. ನಿಜವಾದ ಯಂತ್ರ ಪಡೆದವರು ಆರು ನಿಮಿಷದ ನಡಿಗೆಯಲ್ಲಿ ಉಳಿದವರಿಗಿಂತ ಸುಮಾರು 35 ಮೀಟರ್ ಹೆಚ್ಚು ಗಳಿಸಿದರು. ಮೂವತ್ತೈದು ಮೀಟರ್ ಏನು ಮಹಾ ಎನ್ನಬಹುದು. ಮನೆಯಿಂದ ಕೊಟ್ಟಿಗೆಗೆ ಹೋಗಿಬರುವ ದೂರ ಅದು. ಯಂತ್ರ ನಿಲ್ಲಿಸಿದ ಆರು ವಾರದಲ್ಲಿ ಆ ಗಳಿಕೆ ಇಳಿದುಹೋಯಿತು ಎಂಬುದನ್ನೂ ಹೇಳಬೇಕು. ಅಷ್ಟರಲ್ಲಿ ನಡಿಗೆ ಶುರುಮಾಡಿಕೊಂಡವನಿಗೆ ಲಾಭ. ಯಂತ್ರವನ್ನೇ ನಂಬಿ ಕೂತವನಿಗೆ ಇಲ್ಲ.

ಯಾರಿಗೆ ಒದಗದು

ಅಂಗಾಲಿನ ತಟ್ಟೆಯಿಂದ ತೊಡೆಯ ಬಲ ಹೆಚ್ಚದು. ವಿದ್ಯುತ್ ಎಲ್ಲಿ ಹರಿಯುತ್ತದೋ ಅಲ್ಲಿನ ಸ್ನಾಯುವಷ್ಟೇ ದುಡಿಯುತ್ತದೆ. ಪಾದದಿಂದ ಹೊಕ್ಕ ಕರೆಂಟ್ ಪಾದವನ್ನೂ ಮೀನಖಂಡವನ್ನೂ ಮಿಡಿಸೀತು, ಅಲ್ಲಿಯ ರಕ್ತಚಲನೆ ಸ್ವಲ್ಪ ಚುರುಕಾದೀತು, ಕೂತಿದ್ದಷ್ಟು ಹೊತ್ತು ಹಿತವೆನಿಸೀತು. ನೆಲದಿಂದ ಎದ್ದೇಳುವ, ಇಳಿಜಾರಿನಲ್ಲಿ ಮೈಭಾರ ತಡೆಯುವ ಸ್ನಾಯು ಮಂಡಿಯಿಂದ ಮೇಲಿದೆ. ಕೆಳಗಿನ ತೋಟಕ್ಕೆ ನೀರು ಬಿಟ್ಟು ಮೇಲಿನ ಪಟ್ಟೆ ಹಸಿರಾಗಲೆಂದು ಕಾದ ಹಾಗೆ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಇದೇ ಮದ್ದೆಂದು ನಂಬಿ ಮಾತ್ರೆ ನಿಲ್ಲಿಸುವುದಂತೂ ಪ್ರಾಣಕ್ಕೆ ತರುವ ಕೆಲಸ.

ಬರಿಯ ಜುಮ್ಮೆನ್ನುವಿಕೆಯೂ ಬಲವಲ್ಲ. ನೋವು ಮರೆಸಲು ಕೊಡುವ ಟೆನ್ಸ್ ಎಂಬ ಯಂತ್ರ ನೋಡಲು ಇದರಂತೆಯೇ ಇರುತ್ತದೆ. ಅದರ ಕೆಲಸ ನೋವಿನ ಸುದ್ದಿಯನ್ನು ಮಂಕಾಗಿಸುವುದು. ಕಣ್ಣಿಗೆ ಕಾಣುವಂತೆ ಸ್ನಾಯು ಗಟ್ಟಿಯಾಗಿ ಬಿಗಿಯದೆ ಬಲ ಬೆಳೆಯುವುದಿಲ್ಲ. ಸೌಮ್ಯ ಎಂದರೆ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸುವುದು ಎಂದು ಅರ್ಥ, ಎಂದೆಂದೂ ಗೊತ್ತೇ ಆಗದಷ್ಟು ಕೊಡುವುದೆಂದಲ್ಲ.

ವೈರೇ ಕಡಿದಿದ್ದರೆ ಈ ಯಂತ್ರ ನಡೆಯದು. ಕಿರು ಮಿಡಿತ ತಟ್ಟುವುದು ನರವನ್ನು, ಸ್ನಾಯುವನ್ನಲ್ಲ. ಬಾಲ್ಯದಲ್ಲಿ ಪೋಲಿಯೋ ಆಗಿ ಒಂದು ಕಾಲು ಸಣ್ಣಗಾದವರು ನಮ್ಮ ಊರುಗಳಲ್ಲಿ ಈಗ ನಡುವಯಸ್ಸಿನವರು, ಮುದುಕರು. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರಲ್ಲಿ. ಅದಕ್ಕೆ ಮುಂಚೆ ಆದವರ ಕಾಲು ಹಾಗೇ ಉಳಿದಿದೆ. ಆ ಕಾಲಿನಲ್ಲಿ ಸತ್ತ ನರದ ಪಾಲನ್ನೂ ಉಳಿದ ನರಗಳೇ ಹೊತ್ತು ನಡೆಸುತ್ತಿವೆ. ಅವನ್ನು ಯಂತ್ರದಿಂದ ಮಿತಿಮೀರಿ ದುಡಿಸಿದರೆ ಇದ್ದ ಬಲವೂ ಕೈಕೊಡಬಹುದು. ಇಂಥವರು ನರರೋಗ ತಜ್ಞರನ್ನು ಕೇಳದೆ ಯಾವ ಯಂತ್ರಕ್ಕೂ ಕಾಲು ಕೊಡಕೂಡದು.

ಕುಕ್ಕರುಗಾಲಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಇಲ್ಲಿ ಇನ್ನೊಂದು ವಿಷಯ. ಮಂಡಿಯ ಹೊರಬದಿಯಲ್ಲಿ, ಕೈಗೆ ಸಿಗುವ ಸಣ್ಣ ಮೂಳೆಗಂಟಿನ ಹಿಂದೆ, ಪಾದವನ್ನು ಮೇಲೆತ್ತುವ ನರ ಚರ್ಮಕ್ಕೆ ಅಂಟಿದಂತೆ ಹಾದುಹೋಗುತ್ತದೆ. ಗಂಟೆಗಟ್ಟಲೆ ಕುಕ್ಕರು ಕುಳಿತರೆ ಅದು ಅದುಮಿ ಹೋಗುತ್ತದೆ. ಎದ್ದು ನಿಂತರೆ ಪಾದ ಜೋತುಬಿದ್ದು ಹೆಬ್ಬೆರಳು ನೆಲಕ್ಕೆ ಎಡವುತ್ತದೆ. ಪಶ್ಚಿಮದ ದೇಶಗಳಲ್ಲಿ ಸ್ಟ್ರಾಬೆರಿ ಹಣ್ಣು ಕೀಳುವ ಕೂಲಿಗಳಲ್ಲಿ ಕಂಡದ್ದರಿಂದ ವೈದ್ಯರು ಆ ಕೆಲಸದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ನಮ್ಮ ಶುಂಠಿ ಹೊಲದಲ್ಲೂ, ಉದುರು ಕಾಫಿ ಆರಿಸುವಾಗಲೂ ಇದು ಆಗಬಲ್ಲದು. ಲಕ್ವ ಹೊಡೆಯಿತೆಂದು ಗಾಬರಿಯಾಗುತ್ತಾರೆ, ಶಿಬಿರಕ್ಕೆ ಓಡುತ್ತಾರೆ. ಮಾಡಬೇಕಾದದ್ದು ಮೊದಲು ಕುಕ್ಕರುಗಾಲು ಬಿಡುವುದು, ತಡಮಾಡದೆ ವೈದ್ಯರಿಗೆ ತೋರಿಸುವುದು. ಒತ್ತಡ ತಪ್ಪಿದರೆ ಬಹಳ ಮಂದಿಗೆ ವಾರ ಅಥವಾ ತಿಂಗಳುಗಳಲ್ಲಿ ತಾನೇ ಸರಿಹೋಗುತ್ತದೆ. ಅದೇ ಜಾಗದಲ್ಲಿ ಕುಷ್ಠರೋಗವೂ ನರವನ್ನು ಕೆಡಿಸುವುದುಂಟು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಮುಚ್ಚಿಡದೆ ಹೇಳಬೇಕು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಒಂದು ಚಿಕ್ಕ ಮಣೆಯ ಮೇಲೆ ಕುಳಿತು ಕೆಲಸ ಮಾಡುವುದು, ಇಷ್ಟರಿಂದಲೇ ಆ ನರ ಉಳಿಯುತ್ತದೆ.

ಹತ್ತಿರ ಸುಳಿಯಬಾರದವರು

ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಮೂರ್ಛೆ ರೋಗ ಹತೋಟಿಗೆ ಬಾರದವರು ತಾವಾಗಿ ಈ ಯಂತ್ರ ಮುಟ್ಟಬಾರದು. ಒಂದೇ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಅದುಮಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಕರೆಂಟ್ ಕೊಟ್ಟರೆ ಹೆಪ್ಪು ಕದಲಿ ಶ್ವಾಸಕೋಶ ಸೇರುವ ಅಪಾಯ. ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ಹುಣ್ಣು, ಗಾಯ, ಕ್ಯಾನ್ಸರ್ ಇರುವ ಜಾಗದ ಮೇಲೆ ಪಟ್ಟಿ ಹಚ್ಚಕೂಡದು. ಕುತ್ತಿಗೆಯ ಮುಂಭಾಗಕ್ಕೂ ಎದೆಯ ಮೇಲಕ್ಕೂ ಎಂದಿಗೂ ಕೂಡದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ. ಕರೆಂಟ್ ಎಷ್ಟು ಏರಿತೆಂದು ಅವರಿಗೆ ತಿಳಿಯುವುದಿಲ್ಲ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಅಂಗಾಲಿನ ತಟ್ಟೆಗೆ ಮೊದಲು ಹೋಗಿ ಕೂರುವವರೂ ಇವರೇ. ಒಂದು ಹತ್ತಿಯ ಎಳೆಯಿಂದ ಅಂಗಾಲು ಮುಟ್ಟಿಸಿಕೊಂಡು ಕಣ್ಣು ಮುಚ್ಚಿ ಪರೀಕ್ಷಿಸಿ ನೋಡಿ. ತಿಳಿಯದಿದ್ದರೆ ಯಂತ್ರದ ಮಾತು ಬಿಟ್ಟು ವೈದ್ಯರಿಗೆ ಪಾದ ತೋರಿಸಿ.

ಹಚ್ಚುವ ಕ್ರಮ

ಫಿಸಿಯೋಥೆರಪಿಸ್ಟ್ ಒಮ್ಮೆಯಾದರೂ ಕೈಯಾರೆ ತೋರಿಸಿಕೊಡದೆ ಮನೆಯಲ್ಲಿ ಶುರುಮಾಡುವುದು ಬೇಡ. ಅವರು ಸಾಮಾನ್ಯವಾಗಿ ಹೇಳಿಕೊಡುವುದು ಹೀಗೆ. ಚರ್ಮ ತೊಳೆದು ಒರೆಸಿ, ಎಣ್ಣೆ ಪಸೆ ಇಲ್ಲದಂತೆ ಮಾಡಿ, ಒಂದು ದೊಡ್ಡ ಪಟ್ಟಿಯನ್ನು ತೊಡೆಯ ಮೇಲ್ಭಾಗದ ಹೊರಬದಿಗೂ ಇನ್ನೊಂದನ್ನು ಮಂಡಿಯ ಮೇಲ್ಗಡೆ ಒಳಬದಿಗೂ ಹಚ್ಚಬೇಕು. ಪಟ್ಟಿ ಸಣ್ಣದಾದಷ್ಟೂ ಚುಚ್ಚು ಹೆಚ್ಚು. ಕುರ್ಚಿಯ ಮೇಲೆ ಮಂಡಿ ಸ್ವಲ್ಪ ಮಡಿಸಿ ಕುಳಿತು ನಿಧಾನವಾಗಿ ಏರಿಸಬೇಕು. ಹತ್ತು ಹದಿನೈದು ಸೆಕೆಂಡ್ ಬಿಗಿತ, ಮುಕ್ಕಾಲು ನಿಮಿಷ ಬಿಡುವು. ಹೀಗೆ ಹತ್ತರಿಂದ ಹದಿನೈದು ಸಲ. ಬಿಡುವನ್ನು ಕಡಿತ ಮಾಡಿ ಬೇಗ ಮುಗಿಸುವ ಆತುರ ಬೇಡ. ಕರೆಂಟ್ ಬಂದಾಗ ರೋಗಿಯೂ ತನ್ನ ಮನಸ್ಸಿನಿಂದ ತೊಡೆಯನ್ನು ಬಿಗಿ ಮಾಡಬೇಕು. ಇದು ಬಹಳ ಜನ ಬಿಡುವ ಮಾತು. ಟೀವಿ ನೋಡುತ್ತ ಯಂತ್ರಕ್ಕೆ ಕಾಲು ಒಪ್ಪಿಸಿ ಕೂತರೆ ಮೇಸ್ತ್ರಿ ಕೆಲಸ ಮರೆಯುತ್ತಾನೆ.

ಮೊದಲ ದಿನವೇ ಶೌರ್ಯ ತೋರಿಸಿ ಪೂರ್ತಿ ಏರಿಸಿದವರಿಗೆ ಮರುದಿನ ತೊಡೆ ಹಿಡಿದುಕೊಳ್ಳುತ್ತದೆ. ಸಹಿಸಲಾಗದ ನೋವು, ಊತ, ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗುವುದು ಕಂಡರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ತೊಂದರೆಯಾಗುತ್ತಿದೆ ಎಂದು ತಿಳಿದು ಕೂಡಲೇ ಆಸ್ಪತ್ರೆ ಸೇರಬೇಕು. ಪಟ್ಟಿಯ ಜಾಗ ಸ್ವಲ್ಪ ಕೆಂಪಾಗುವುದು ಸಹಜ. ಮರುದಿನವೂ ಉಳಿದರೆ ಸಹಜವಲ್ಲ. ಅಂಟು ಹೋದ ಹಳೆಯ ಪಟ್ಟಿಯನ್ನು ಟೇಪು ಸುತ್ತಿ ಹಚ್ಚುವ ಉಳಿತಾಯ ನಮ್ಮವರ ಸ್ವಭಾವ. ಅಂಟು ಕಿತ್ತ ಕಡೆ ಕರೆಂಟ್ ಒಂದೇ ಬಿಂದುವಿಗೆ ನುಗ್ಗಿ ಸುಡುತ್ತದೆ. ಪಟ್ಟಿ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಯಂತ್ರ ಬೇಕೇ ಎಂದು ತಿಳಿಯುವ ಬಗೆ

ಕೈಗಳಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಮನೆಯವರು ಎಣಿಸಲಿ. ಅರವತ್ತರಿಂದ ಅರವತ್ತನಾಲ್ಕರ ಗಂಡಸು 14, ಹೆಂಗಸು 12 ಮುಟ್ಟಬೇಕು. ಎಪ್ಪತ್ತರಿಂದ ಎಪ್ಪತ್ತನಾಲ್ಕರವರಿಗೆ 12 ಮತ್ತು 10. ಇದು ಅಮೆರಿಕದ ಆರೋಗ್ಯ ಇಲಾಖೆ ಬಳಸುವ ಅಳತೆ. ದಿನವೂ ನೆಲದ ಮೇಲೆ ಕುಳಿತೇಳುವ ನಮ್ಮವರು ಅದಕ್ಕಿಂತ ಕಡಿಮೆ ಇರಬೇಕಾದ ಕಾರಣವಿಲ್ಲ ಎಂದು ನನ್ನ ಎಣಿಕೆ.

ಮುಟ್ಟದಿದ್ದವರಲ್ಲಿ ಬಹುಪಾಲು ಮಂದಿಗೆ ಯಂತ್ರ ಬೇಕಿಲ್ಲ. ಅದೇ ಕುರ್ಚಿಯೇ ಮದ್ದು. ಹತ್ತು ಸಲ ಏಳುವುದು, ಒಂದು ನಿಮಿಷ ಬಿಡುವು, ಮತ್ತೆ ಹತ್ತು, ಬೆಳಿಗ್ಗೆ ಸಂಜೆ. ಸುಲಭವಾದ ಮೇಲೆ ಕೂರುವುದನ್ನು ನಿಧಾನ ಮಾಡಬೇಕು. ಇಳಿಜಾರಿನಲ್ಲಿ ಬೇಕಾಗುವುದು ಆ ನಿಧಾನದ ಬಲವೇ. ಆಮೇಲೆ ಗೊಬ್ಬರದ ಸಣ್ಣ ಚೀಲವೊಂದನ್ನು ಎದೆಗೆ ಅವುಚಿಕೊಂಡು ಮಾಡಬಹುದು. ಜೊತೆಗೆ ಹುರುಳಿ, ಅವರೆ, ಮೊಟ್ಟೆ, ಹಾಲು ಊಟದಲ್ಲಿ ಇರಲಿ; ಬರಿಯ ಮುದ್ದೆ ಸಾರಿನಿಂದ ಸ್ನಾಯು ಕಟ್ಟುವುದಿಲ್ಲ. ತೊಡೆ ಬಿಗಿಯಲೇ ಬಾರದವರು, ಎದ್ದರೆ ಮಂಡಿ ಕುಸಿಯುವವರು, ನಡೆದರೆ ಏದುಸಿರಿನಿಂದ ಕೂರುವವರು ಯಂತ್ರದ ಬಗ್ಗೆ ವಿಚಾರಿಸತಕ್ಕವರು.

ಎಲ್ಲಿ ವಿಚಾರಿಸುವುದು? ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ದಿನ ಯಾವುದೆಂದು ಮೊದಲು ಕೇಳಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳು ಎಲ್ಲರಿಗೂ ಗೊತ್ತಿರುವಂಥವು. ಹೆಗ್ಗಡದೇವನಕೋಟೆ, ಸರಗೂರು ಕಡೆಯವರಿಗೆ, ಮೈಸೂರಿನ ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಹುಟ್ಟುಹಾಕಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಸರಗೂರಿನ ಆಸ್ಪತ್ರೆ ಹತ್ತಿರ.

ಕೊಳ್ಳುವುದೇ ಆದರೆ ಪೆಟ್ಟಿಗೆ ತಿರುಗಿಸಿ ನೋಡಿ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳೆಲ್ಲ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ ಮುದ್ರಿತವಾಗಿರಬೇಕು. ಮಿಡಿತದ ಪ್ರಮಾಣ, ಬಿಗಿತದ ಸಮಯ, ಬಿಡುವಿನ ಸಮಯ ಮೂರನ್ನೂ ಬೇರೆಬೇರೆಯಾಗಿ ಬದಲಿಸಲು ಬರದ ಯಂತ್ರ ತೊಡೆಗೆ ಪ್ರಯೋಜನವಿಲ್ಲ. ರಸೀದಿ ಕೊಡದವರಲ್ಲಿ ಕೊಳ್ಳಬೇಡಿ. ಆರು ವಾರದ ಕೆಲಸಕ್ಕೆ ಬಾಡಿಗೆಗೆ ಸಿಗುತ್ತದೆಯೇ ಎಂದು ಫಿಸಿಯೋಥೆರಪಿಸ್ಟರನ್ನೇ ಕೇಳುವುದು ಜಾಣತನ. ಹೋಗುವಾಗ ಹಳೆಯ ಎಕ್ಸ್-ರೇ, ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಕುರ್ಚಿಯ ಪರೀಕ್ಷೆಯಲ್ಲಿ ಬಂದ ಎಣಿಕೆ ಇವಿಷ್ಟನ್ನೂ ಜೊತೆಗೆ ಒಯ್ಯಿರಿ. ಮಂಡಿ ಮೇಲಕ್ಕೆ ಸುಲಭವಾಗಿ ಏರುವ ಸಡಿಲವಾದ ಉಡುಪಿನಲ್ಲಿ ಹೋದರೆ ಅವರಿಗೂ ನಿಮಗೂ ಅನುಕೂಲ.